ತಂದೆಯವರ 1969ರ ಜಾವಾ: ಹೊಸ ಬಣ್ಣ ಹೊಡೆಸಬೇಕೇ, ಇದ್ದಂತೆಯೇ ಉಳಿಸಿಕೊಳ್ಳಬೇಕೇ?

ಪ್ರಶ್ನೆ (ತೋಟದಮನೆ, ಹಾಸನ)

ನಮ್ಮ ತಂದೆಯವರು 1969ರಲ್ಲಿ ಕೊಂಡ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ 250 ಸಿಸಿ ಜಾವಾ ಬೈಕು ಬಹಳ ವರ್ಷಗಳಿಂದ ಕೊಟ್ಟಿಗೆಯಲ್ಲಿ ನಿಂತಿದೆ. ಕಿಕ್ಕರ್ ಒಂದಿಷ್ಟೂ ಅಲುಗುವುದಿಲ್ಲ. ಟ್ಯಾಂಕಿನ ಕ್ರೋಮ್ ಬದಿಗಳಲ್ಲಿ ತುಕ್ಕಿನ ಚುಕ್ಕೆಗಳೆದ್ದಿವೆ, ಮರೂನ್ ಬಣ್ಣ ಮಾಸಿದೆ. ಆದರೆ ಹಿಂದಿನ ಮಡ್‌ಗಾರ್ಡಿನ ಮೇಲೆ ಅಂದಿನ ಪೇಂಟರ್ ಕೈಯಿಂದ ಬರೆದ ‘ಎಂವೈ’ ಸರಣಿಯ ನಂಬರು ಇನ್ನೂ ಸ್ಪಷ್ಟವಾಗಿದೆ. ಊರಿನ ಗ್ಯಾರೇಜಿನವರು ಎಲ್ಲವನ್ನೂ ಬಿಚ್ಚಿ, ಮರಳು ಬ್ಲಾಸ್ಟಿಂಗ್ ಮಾಡಿಸಿ, ಚಾಸಿಗೆ ಪೌಡರ್ ಕೋಟಿಂಗ್ (ಪುಡಿ ಬಣ್ಣವನ್ನು ಕಾಯಿಸಿ ಕೂರಿಸುವ ಲೇಪನ) ಕೊಟ್ಟು, ಟ್ಯಾಂಕಿಗೆ ಮತ್ತೆ ಕ್ರೋಮ್ ಹಾಕಿಸಿ, ಎಂಜಿನ್ ಬೋರ್ ಮಾಡಿಸಿ (ಸಿಲಿಂಡರಿನ ಒಳಗೋಡೆ ಕೊರೆದು ಅಗಲಿಸಿ) ಒಟ್ಟಿಗೆ ಒಪ್ಪಿಸುವುದಾಗಿ ಹೇಳುತ್ತಿದ್ದಾರೆ. ಹಾಗೆ ಮಾಡಿದರೆ ಇದು ತಂದೆಯವರ ಬೈಕಾಗಿ ಉಳಿಯುತ್ತದೆಯೇ ಎಂಬುದು ನನ್ನ ಅಳುಕು. ಭಾನುವಾರಗಳಲ್ಲಿ ಓಡಿಸಬೇಕು, ಜುಲೈ ತಿಂಗಳ ಎರಡನೇ ಭಾನುವಾರ ನಡೆಯುವ ಜಾವಾ-ಯೆಜ್ಡಿ ದಿನಕ್ಕೆ ಕೊಂಡೊಯ್ಯಬೇಕು ಎಂಬ ಆಸೆಯಿದೆ. ಆರ್‌ಸಿ ಅವಧಿ ಮುಗಿದಿದೆ. ಎಲ್ಲಿಂದ ಆರಂಭಿಸಬೇಕೆಂದು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ (ಎರಡು ಸೈಲೆನ್ಸರ್, ಮೈಸೂರು)

ಬಣ್ಣದ ಮಾತು ಕೊನೆಗಿರಲಿ. ಮೊದಲು ಆ ಕಿಕ್ಕರನ್ನು ಬಲವಂತವಾಗಿ ತುಳಿಯುವುದನ್ನು ನಿಲ್ಲಿಸಿ. ಜಾವಾದಲ್ಲಿ ಗೇರಿನ ಲಿವರೇ ಒಳಕ್ಕೆ ಒತ್ತಿ ತಿರುಗಿಸಿದಾಗ ಕಿಕ್ಕರ್ ಆಗುವುದರಿಂದ, ಹಟ ಮಾಡಿ ತುಳಿದರೆ ಒಳಗಿನ ಹಲ್ಲುಗಳು ಹಾಳಾಗಿ ಇಲ್ಲದ ಖರ್ಚು ಬರುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ರಂಧ್ರದಲ್ಲಿ ಡೀಸೆಲ್ ಮತ್ತು ತೆಳುವಾದ ಎಣ್ಣೆಯ ಮಿಶ್ರಣವನ್ನು ಸುರಿದು, ಕೆಲವು ದಿನ ಹಾಗೆಯೇ ಬಿಡಿ. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ಅಲುಗಿಸಿ ನೋಡಿ. ಬಹುಪಾಲು ಪಿಸ್ಟನ್‌ಗಳು ಇಷ್ಟಕ್ಕೇ ಬಿಟ್ಟುಕೊಳ್ಳುತ್ತವೆ, ಬಿಡದಿದ್ದರೆ ಹೆಡ್ ತೆಗೆಯಬೇಕಾಗುತ್ತದೆ.

ಎಂಜಿನ್ ತಿರುಗಿದ ಮಾತ್ರಕ್ಕೆ ಸ್ಟಾರ್ಟ್ ಮಾಡಿ ರಸ್ತೆಗಿಳಿಯಬಾರದು. ಜಾವಾದಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್ ಕೇಸೇ ಪೆಟ್ರೋಲ್-ಗಾಳಿಯ ಮಿಶ್ರಣವನ್ನು ಒಳಗೆಳೆದುಕೊಂಡು ಮೇಲಕ್ಕೆ ತಳ್ಳುವ ಪಂಪು, ಮತ್ತು ಅದರ ಉಸಿರು ನಿಂತಿರುವುದು ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ಸೀಲುಗಳ ಮೇಲೆ. ಇಷ್ಟು ವರ್ಷ ಒಣಗಿದ ಸೀಲು ಗಟ್ಟಿಯಾಗಿ ಹೋಗಿರುತ್ತದೆ. ಕ್ಲಚ್ ಬದಿಯ ಸೀಲು ಸೋತರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ದಟ್ಟ ಹೊಗೆ ಕಾರುತ್ತದೆ, ಆಯಿಲ್ ಮಟ್ಟವೂ ಇಳಿಯುತ್ತದೆ. ಡೈನಮೋ ಬದಿಯದು ಸೋತರೆ ಹೊರಗಿನ ಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನಾಗಿ ಕೂಗುತ್ತದೆ, ಕೊನೆಗೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಸೀಲುಗಳನ್ನು ಮೊದಲು ಬದಲಿಸಿ; ಎಥನಾಲ್ ಬೆರೆತ ಈಗಿನ ಪೆಟ್ರೋಲನ್ನು ತಡೆಯುವ ವೈಟಾನ್ ಸೀಲು ಸಿಕ್ಕಿದರೆ ಅದನ್ನೇ ಹಾಕಿಸಿ.

ಬೋರ್ ಮಾಡಿಸುವ ವಿಷಯದಲ್ಲಿ ಗ್ಯಾರೇಜಿನವರ ಆತುರ ನನಗೆ ಒಪ್ಪಿಗೆಯಾಗುವುದಿಲ್ಲ. ಈ ಎಂಜಿನ್ನಿನ ಮೂಲ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 65 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ, 75 ಮಿಲಿಮೀಟರ್. ಸಿಲಿಂಡರನ್ನು ಅಳತೆ ಮಾಡಿಸದೆ ಬೋರ್ ಮಾಡುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ; ತೆಗೆದ ಲೋಹ ಮರಳಿ ಬರುವುದಿಲ್ಲ, ಒಳ್ಳೆಯ ಸಿಲಿಂಡರುಗಳೋ ದಿನೇ ದಿನೇ ವಿರಳವಾಗುತ್ತಿವೆ. ಬೋರ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ ಅಳೆಸಿ. ಸವೆತ ಮಿತಿಯೊಳಗಿದ್ದರೆ ಹೋನಿಂಗ್ (ಒಳಗೋಡೆಯನ್ನು ನಯವಾಗಿ ಉಜ್ಜುವುದು) ಮತ್ತು ಹೊಸ ರಿಂಗುಗಳೇ ಸಾಕು.

ಬಣ್ಣದ ಬಗ್ಗೆ ಕೇಳಿದಿರಿ. ನನ್ನ ಮಟ್ಟಿಗೆ ಆ ಮಡ್‌ಗಾರ್ಡಿನ ಕೈಬರಹದ ನಂಬರು ಒಂದೇ ಸಾಕು, ಬೈಕನ್ನು ಇದ್ದಂತೆ ಉಳಿಸಲು. ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ಹೊಡೆದ ಬಣ್ಣದ ಪದರ ಇನ್ನು ಮೇಲೆ ಯಾವ ಪೇಂಟ್ ಬೂತಿನಲ್ಲೂ ಸಿಗುವುದಿಲ್ಲ, ಹೊಸ ಹೊಳಪಾದರೆ ಯಾವಾಗ ಬೇಕಾದರೂ ಸಿಗುತ್ತದೆ.

ಉತ್ತರ (ಮಳೆನಾಡಿಗ, ಸಕಲೇಶಪುರ)

ಮೇಲಿನವರ ಎಂಜಿನ್ ಸಲಹೆಯೆಲ್ಲ ಸರಿ, ಆದರೆ ಬಣ್ಣದ ಬಗ್ಗೆ ನನ್ನ ತಕರಾರಿದೆ. ಮೈಸೂರಿನ ಒಣ ಹವೆಯಲ್ಲಿ ಕುಳಿತು ಹಳೆಯ ಬಣ್ಣವನ್ನು ಉಳಿಸಿಕೊಳ್ಳಿ ಎನ್ನುವುದು ಸುಲಭ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆಯಾಗಿರುವಾಗ, ಬಣ್ಣದ ಅಡಿಯಲ್ಲಿ ಹರಡುತ್ತಿರುವ ತುಕ್ಕು ಮೇಣ ಹಚ್ಚಿದರೆ ನಿಲ್ಲುವುದಿಲ್ಲ. ಓಡಿಸಬೇಕಾದ ಬೈಕಿನ ಚಾಸಿಯನ್ನಾದರೂ ಬರಿದು ಮಾಡಿ, ವೆಲ್ಡಿಂಗ್ ಜಾಗಗಳಲ್ಲಿ ಬಿರುಕಿದೆಯೇ ಎಂದು ಪರೀಕ್ಷಿಸಿ, ಹೊಸದಾಗಿ ಬಣ್ಣ ಹೊಡೆಸಲೇಬೇಕು. ಹಳತನದ ಸೊಬಗಿಗಾಗಿ ಹ್ಯಾಂಡಲ್ ಬುಡದ ಬಿರುಕನ್ನು ಮುಚ್ಚಿಟ್ಟುಕೊಂಡು ಶಿರಾಡಿ ಘಾಟಿ ಇಳಿಯಲು ನಾನಂತೂ ಸಿದ್ಧನಿಲ್ಲ.

ಟ್ಯಾಂಕಿನ ಒಳಗಿನ ತುಕ್ಕಿಗೆ ಆಸಿಡ್ ಸುರಿಯಬೇಡಿ. ವಾಷಿಂಗ್ ಸೋಡಾ ಕರಗಿಸಿದ ನೀರು ತುಂಬಿ, ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ಟ್ಯಾಂಕಿಗೂ, ಧನ ತಂತಿಯನ್ನು ಒಳಗೆ ಎಲ್ಲಿಯೂ ತಾಗದಂತೆ ಇಳಿಬಿಟ್ಟ ಸಾದಾ ಕಬ್ಬಿಣದ ಸರಳಿಗೂ ಕೊಟ್ಟರೆ, ಗಟ್ಟಿ ಲೋಹಕ್ಕೆ ಪೆಟ್ಟಾಗದೆ ತುಕ್ಕು ಸಡಿಲವಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸರಳನ್ನು ಮಾತ್ರ ಬಳಸಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುಗಡೆಯಾಗುತ್ತದೆ. ಜಲಜನಕವೂ ಏಳುವುದರಿಂದ ಬಯಲಿನಲ್ಲಿಯೇ ಮಾಡಿ, ಹತ್ತಿರ ಬೀಡಿ ಸೇದುವವರನ್ನು ಸೇರಿಸಬೇಡಿ.

ಉತ್ತರ (ಕಾಗದಪತ್ರ, ಬೆಂಗಳೂರು)

ಬಿಚ್ಚುವ ಮುನ್ನ ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಬೈಕಿನ ಮೇಲೆ ಕೊರೆದ ಸಂಖ್ಯೆಗಳೊಂದಿಗೆ ತಾಳೆ ನೋಡಿ, ಪೆನ್ಸಿಲ್ ಉಜ್ಜಿ ಪಡಿಯಚ್ಚು ತೆಗೆದಿಟ್ಟುಕೊಳ್ಳಿ. ಜೋರಾದ ಮರಳು ಬ್ಲಾಸ್ಟಿಂಗ್ ಆ ಅಂಕಿಗಳನ್ನು ಸವೆಸುತ್ತದೆ, ಪೌಡರ್ ಕೋಟಿಂಗಿನ ದಪ್ಪ ಪದರ ಅವುಗಳನ್ನು ತುಂಬಿಬಿಡುತ್ತದೆ. ಆಮೇಲೆ ಆರ್‌ಟಿಒ ತಪಾಸಣೆಯಲ್ಲಿ ಸಂಖ್ಯೆ ಓದಲಾಗದಿದ್ದರೆ ಎಷ್ಟೇ ಚೆನ್ನಾದ ಬೈಕಾದರೂ ಅನುಮಾನದ ವಸ್ತುವಾಗುತ್ತದೆ. ಪುನರ್‌ನಿರ್ಮಾಣ ಮಾಡಿಸುವವರಲ್ಲಿ ಅನೇಕರು ಈ ಒಂದು ವಿಷಯವನ್ನು ಗಮನಿಸುವುದೇ ಇಲ್ಲ.

ಇನ್ನು ‘ವಿಂಟೇಜ್’ ನೋಂದಣಿ ಮಾಡಿಸಿ ಎಂದು ಯಾರಾದರೂ ಹೇಳಬಹುದು. ಕೇಂದ್ರ ಸರ್ಕಾರದ 2021ರ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿ ದೊಡ್ಡ ಮಾರ್ಪಾಡಿಲ್ಲದೆ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಈ ಸೌಲಭ್ಯವಿದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷ ಮಾನ್ಯತೆ, ನವೀಕರಣಕ್ಕೆ 5,000 ರೂಪಾಯಿ. ಮೊದಲೇ ನೋಂದಣಿಯಾದ ವಾಹನಗಳು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ಹಾಗೆ ನೋಂದಣಿಯಾದ ವಾಹನವನ್ನು ಪ್ರದರ್ಶನ, ವಿಂಟೇಜ್ ರ್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇಂಥವುಗಳಿಗೆ ಮಾತ್ರ ರಸ್ತೆಗೆ ತರಬಹುದು, ಎಂದಿನ ಓಡಾಟಕ್ಕೆ ಅವಕಾಶವಿಲ್ಲ. ನೀವು ಪ್ರತಿ ಭಾನುವಾರ ಓಡಿಸುವವರಾದ್ದರಿಂದ, ಸಾಮಾನ್ಯ ಆರ್‌ಸಿಯನ್ನೇ ನವೀಕರಿಸಿಕೊಳ್ಳುವುದು ಹೆಚ್ಚು ಸೂಕ್ತ. ಆರ್‌ಸಿ ತಂದೆಯವರ ಹೆಸರಿನಲ್ಲೇ ಇದ್ದರೆ ಮಾಲೀಕತ್ವದ ವರ್ಗಾವಣೆಯ ಕಾಗದಗಳನ್ನೂ ಜೊತೆಯಲ್ಲೇ ಸಿದ್ಧಪಡಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಗ್ಯಾರೇಜಿನವರಿಗೆ ಸದ್ಯಕ್ಕೆ ಎಂಜಿನ್ ಕೆಲಸವೆಂದಷ್ಟೇ ಹೇಳಿದ್ದೇನೆ. ಟೂಲ್ ಬಾಕ್ಸಿನ ಮುಚ್ಚಳ ತೆಗೆದಾಗ ಒಳಬದಿಯಲ್ಲಿ ಬಿಸಿಲು ಕಾಣದ ಬಣ್ಣ ಸಿಕ್ಕಿತು; ಹೊರಗಡೆ ಕಂದು ಮಣ್ಣಿನಂತೆ ಕಾಣುವುದು ಅಲ್ಲಿ ಕಪ್ಪು ದ್ರಾಕ್ಷಿಯ ಕೆಂಪಿಗೆ ತಿರುಗಿದೆ. ಚಾಸಿಗೆ ಬಣ್ಣ ಹೊಡೆಸಿ, ಟ್ಯಾಂಕ್ ಮತ್ತು ಮಡ್‌ಗಾರ್ಡುಗಳನ್ನು ಹಾಗೆಯೇ ಬಿಟ್ಟರೆ ವಿಚಿತ್ರವಾಗಿ ಕಾಣುತ್ತದೆಯೇ?

ಉತ್ತರ (ಎರಡು ಸೈಲೆನ್ಸರ್, ಮೈಸೂರು)

ಕಾಣುವುದಿಲ್ಲ, ಹೊಳಪು ಕಡಿಮೆಯಿರುವ ಬಣ್ಣ ಆರಿಸಿದರೆ ಸಾಕು. ಸಕಲೇಶಪುರದವರು ಹೇಳಿದ ಬಿರುಕಿನ ಪರೀಕ್ಷೆಯನ್ನು ನಾನೂ ಒಪ್ಪುತ್ತೇನೆ, ಚಾಸಿಯ ಮಟ್ಟಿಗೆ ಅವರ ಮಾತೇ ನಡೆಯಲಿ. ಬಣ್ಣದ ಅಂಗಡಿಗೆ ಆ ಟೂಲ್ ಬಾಕ್ಸ್ ಮುಚ್ಚಳವನ್ನೇ ಕೊಂಡೊಯ್ದು ಒಳಬದಿಗೆ ಹೋಲಿಸಿ ಬೆರೆಸಲು ಹೇಳಿ, ಮೊಬೈಲಿನ ಫೋಟೋ ತೋರಿಸಬೇಡಿ. ಟ್ಯಾಂಕಿಗೆ ಮತ್ತೆ ಕ್ರೋಮ್ ಹಾಕಿಸುವ ಯೋಚನೆಯನ್ನು ಕೈಬಿಡಿ. ಹಳೆಯ ಕ್ರೋಮ್ ಕಳಚುವ ಆಸಿಡ್ ತೊಟ್ಟಿಯಲ್ಲಿ ತುಕ್ಕು ತಿಂದ ತಗಡು ಸೂಜಿ ಚುಚ್ಚಿದಂತೆ ತೂತು ಬೀಳುವ ಅಪಾಯವಿದೆ. ಎಂಜಿನ್ ಸಿದ್ಧವಾದ ಮೇಲೆ ಲೀಟರಿಗೆ 40 ಮಿಲಿಲೀಟರ್ ಟೂ ಸ್ಟ್ರೋಕ್ ಎಣ್ಣೆ ಬೆರೆಸಿ, ಪ್ಲಗ್ಗಿನ ಕಿಡಿಯ ಸಮಯ ನಿರ್ಧರಿಸುವ ಪಾಯಿಂಟಿನ ಅಂತರವನ್ನು 0.4 ಮಿಲಿಮೀಟರಿಗೆ ಇಟ್ಟು ಆರಂಭಿಸಿ. ಕೆಲವು ವಾರ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರಿನಲ್ಲಿ ಉಳಿದದ್ದು ಖಾಲಿಯಾಗುವ ತನಕ ಎಂಜಿನ್ ಓಡಲು ಬಿಡಿ, ಮಳೆಗಾಲದಲ್ಲಿ ಟ್ಯಾಂಕನ್ನೂ ಬಸಿದಿಡಿ.