ಸಹಾಯ ಬೇಕು: ಬೈಪಾಸ್ ಆದ ರೋಗಿಗೆ ಡ್ರಿಪ್ ಕೊಡಬೇಕೇ, ಹೇಗೆ ನಿರ್ಧರಿಸುತ್ತೀರಿ?

ಹೃದಯ ಶಸ್ತ್ರಚಿಕಿತ್ಸೆಯ ಐಸಿಯುನಲ್ಲಿರುವವರ ಸಲಹೆ ಬೇಕು. ರೋಗಿಗೆ ವೆಂಟಿಲೇಟರ್‌ನಲ್ಲಿ ಕೆಜಿಗೆ 6 ಮಿಲಿ ಟೈಡಲ್ ವಾಲ್ಯೂಮ್ (ಪ್ರತಿ ಉಸಿರಿಗೆ ಒಳಹೋಗುವ ಗಾಳಿ), ಪಿಪಿವಿ (ಉಸಿರಿನೊಂದಿಗೆ ನಾಡಿ ಒತ್ತಡ ಏರಿಳಿಯುವ ಪ್ರಮಾಣ) 9%. ಪಿಪಿವಿ 13% ದಾಟಿದರೆ ಡ್ರಿಪ್‌ಗೆ ಸ್ಪಂದನೆ (ಹೃದಯ ಪಂಪ್ ಮಾಡುವ ರಕ್ತ ಹೆಚ್ಚುವುದು) ಇರುತ್ತದೆ ಎಂಬ ಗಡಿ ಅನ್ವಯಿಸುವುದು ಟೈಡಲ್ ವಾಲ್ಯೂಮ್ 8 ಮಿಲಿ ಅಥವಾ ಹೆಚ್ಚಿದ್ದಾಗ. ಹಾಗಾಗಿ ಈ 9% ನೋಡಿ ಡ್ರಿಪ್ ಬೇಡ ಅನ್ನುವುದು ತಪ್ಪು. ಒಂದು ನಿಮಿಷ 8 ಮಿಲಿಗೆ ಏರಿಸಿದಾಗ ಪಿಪಿವಿ 3.5 ಅಂಶ ಹೆಚ್ಚಿದರೆ ಡ್ರಿಪ್‌ಗೆ ಸ್ಪಂದನೆ ನಿರೀಕ್ಷಿಸಬಹುದು. ಆದರೆ ಎಟ್ರಿಯಲ್ ಫಿಬ್ರಿಲೇಷನ್ (ಕ್ರಮ ತಪ್ಪಿದ ಹೃದಯ ಬಡಿತ) ಇದ್ದರೆ ಈ ಅಂಕಿ ಕೆಲಸಕ್ಕೆ ಬಾರದು. ಬಲ ಹೃತ್ಕುಕ್ಷಿ ಸೋತಿದ್ದರೆ ಇನ್ನೂ ಅಪಾಯ: ಪಿಪಿವಿ ಹೆಚ್ಚು ತೋರಿಸುತ್ತದೆ, ಡ್ರಿಪ್ ಕೊಟ್ಟರೆ ಕುಕ್ಷಿ ಮತ್ತಷ್ಟು ಹಿಗ್ಗುತ್ತದೆ.

ಇಂಥವರಲ್ಲಿ ಕಾಲೆತ್ತುವ ಪರೀಕ್ಷೆ (ಕಾಲಿನ ರಕ್ತ ಹೃದಯಕ್ಕೆ ಹರಿಸಿ, ಡ್ರಿಪ್ ಕೊಟ್ಟಂತೆ ನೋಡುವುದು) ಮಾಡುತ್ತೀರಾ? ಬೈಪಾಸ್‌ಗಾಗಿ ರಕ್ತನಾಳ ತೆಗೆದ ಕಾಲಿಗೆ ಬಿಗಿ ಕ್ರೇಪ್ ಬ್ಯಾಂಡೇಜ್ ಇದ್ದಾಗ ಕಾರ್ಡಿಯಾಕ್ ಔಟ್‌ಪುಟ್‌ನ (ನಿಮಿಷಕ್ಕೆ ಹೃದಯ ಪಂಪ್ ಮಾಡುವ ರಕ್ತ) 10% ಏರಿಕೆಯ ಗಡಿ ನಂಬಬಹುದೇ? ಅಥವಾ ಉಸಿರು ಬಿಟ್ಟ ಕೊನೆಯಲ್ಲಿ 15 ಸೆಕೆಂಡ್ ವೆಂಟಿಲೇಟರ್ ತಡೆದು ಅದೇ ಔಟ್‌ಪುಟ್‌ನ 5% ಏರಿಕೆ ನೋಡುವುದು ವಾಸಿಯೇ? ಬಿಪಿ ಅಲ್ಲ, ಎಕೋದಲ್ಲಿ ಅಳೆದವರ ಅನುಭವ ದಯವಿಟ್ಟು ತಿಳಿಸಿ.