ವಿವೇರಿಯಂ ತಳದಲ್ಲಿ ಕೊಳೆತ ಮೊಟ್ಟೆ ವಾಸನೆ, ಪಾಚಿ ಕಂದು, ಗಾಜೆಲ್ಲ ಮಂಜು: ಕಪ್ಪೆ ಬಿಡಬಹುದೇ?

ಗಾಜಿನತೋಟ (ನ್ಯೂಜೆರ್ಸಿ):

ಎಲ್ಲರಿಗೂ ನಮಸ್ಕಾರ. ಡೆಂಡ್ರೊಬೇಟಿಸ್ ಲ್ಯೂಕೋಮೆಲಾಸ್, ಅಂದರೆ ಹಳದಿ-ಕಪ್ಪು ಪಟ್ಟೆಯ ಡಾರ್ಟ್ ಕಪ್ಪೆಗಳಿಗಾಗಿ ಸಿದ್ಧಪಡಿಸಿದ ವಿವೇರಿಯಂ, ಅಂದರೆ ಗಿಡ ನೆಟ್ಟ ಗಾಜಿನ ತೊಟ್ಟಿ ಇದು. ಮೂರು ಮರಿಗಳು ಬ್ರೀಡರ್ (ಕಪ್ಪೆ ಮರಿ ಮಾಡಿಸಿ ಕೊಡುವವರು) ಹತ್ತಿರ ಕಾಯುತ್ತಿವೆ, ಮುಂದಿನ ವಾರ ಬರಬೇಕು.

ತೊಟ್ಟಿ 45×45×60 ಸೆಂ.ಮೀ. ಮುಂದೆ ಬಾಗಿಲು, ಅದರ ಕೆಳಗೆ ಗಾಳಿಪಟ್ಟಿ, ಅಂದರೆ ಗಾಳಿಯಾಡುವ ಕಿಂಡಿ. ಮೇಲಿನ ಜಾಲರಿಯನ್ನು ಪೂರ್ತಿ ಗಾಜಿನಿಂದ ಮುಚ್ಚಿದೆ. ತಳದಲ್ಲಿ 3 ಸೆಂ.ಮೀ. ಸುಟ್ಟ ಜೇಡಿಮಣ್ಣಿನ ಉಂಡೆಗಳು, ಮೇಲೆ ಫೈಬರ್‌ಗ್ಲಾಸ್ ಜಾಲರಿ, ಅದರ ಮೇಲೆ 6 ಸೆಂ.ಮೀ. ಕೋಕೋಪೀಟ್ (ತೆಂಗಿನ ನಾರಿನ ಪುಡಿ). ನೀರನ್ನು ಮಂಜಿನಂತೆ ಸಿಂಪಡಿಸುವ ಎರಡು ಮಿಸ್ಟಿಂಗ್ ನಾಝಲ್, ದಿನಕ್ಕೆ 4 ಸಲ, ಪ್ರತಿ ಸಲ 2 ನಿಮಿಷ, ನಲ್ಲಿ ನೀರು. ಹಗಲು ಬೆಳಕಿನ ಬಣ್ಣದ (6500 ಕೆ) ಎಲ್‌ಇಡಿ ದೀಪ ದಿನಕ್ಕೆ 12 ಗಂಟೆ. ತೊಟ್ಟಿಯೊಳಗೆ 24 ಡಿಗ್ರಿ, ಕೋಣೆಯಲ್ಲಿ 20.

ಗಿಡ ನೆಟ್ಟು ಆರು ವಾರ. ಈಗ ಪಾಚಿ (ಮಾಸ್) ಕಂದಾಗಿದೆ, ನಿಯೊರೆಜೀಲಿಯಾ ಎಂಬ ಬ್ರೊಮೀಲಿಯಡ್ (ಅನಾನಸ್ ಕುಟುಂಬದ ಗಿಡ) ಬುಡ ಮೆತ್ತಗಾಗಿ ಕಳಚಿ ಬಂತು, ಹಿಂದಿನ ಬಲಮೂಲೆ ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ. ಮರದ ಕೊಂಬೆಯ ಮೇಲೆ ಬಿಳಿ ಬೂಷ್ಟು. ಬೂಷ್ಟು ತಿನ್ನಲಿ ಎಂದು ಬಿಟ್ಟ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಮಣ್ಣಿನ ಜೀವಿಗಳು ಒಂದೂ ಕಾಣುತ್ತಿಲ್ಲ. ಮೀಟರ್ ತೇವಾಂಶ ಮಾತ್ರ ಶೇ. 99 ತೋರಿಸುತ್ತದೆ. ಏನು ಮಾಡಲಿ?

ಪಾಚಿಪ್ರೇಮಿ:

ಮೊದಲು ಬ್ರೀಡರ್‌ಗೆ ಹೇಳಿ ಕಪ್ಪೆಗಳನ್ನು ಅಲ್ಲೇ ನಿಲ್ಲಿಸಿ. ಬೂಷ್ಟಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಹೊಸ ಕಟ್ಟಿಗೆಯಲ್ಲಿ ಮೊದಲ ವಾರಗಳಲ್ಲಿ ಬಂದೇ ಬರುತ್ತದೆ, ತಾನಾಗಿ ಹೋಗುತ್ತದೆ. ಮೂಲೆಯ ವಾಸನೆ ಹಾಗಲ್ಲ. ಅದು ಗಾಳಿಯಿಲ್ಲದ ಕೆಸರಿನಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್.

ಎರಡು ಪರೀಕ್ಷೆ ಮಾಡಿ ಹೇಳಿ. ಟಾರ್ಚ್ ಹಿಡಿದು ಪಕ್ಕದಿಂದ ನೋಡಿದರೆ ತಳದ ನೀರು ಎಲ್ಲಿಯವರೆಗೆ ನಿಂತಿದೆ? ಒಂದು ಮುಷ್ಟಿ ಮಣ್ಣು ಹಿಂಡಿದರೆ ಎಷ್ಟು ನೀರು ಬೀಳುತ್ತದೆ? ಎರಡು ಮೂರು ಹನಿ ಬಿದ್ದರೆ ಸರಿ. ಹಾಗೇ ನಾಝಲ್ ಒಂದನ್ನು ಅಳತೆ ಲೋಟದೊಳಗೆ ಒಂದು ನಿಮಿಷ ಬಿಟ್ಟು ನೋಡಿ.

ಗಾಜಿನತೋಟ:

ನೀರು ಉಂಡೆಗಳ ಮೇಲ್ಮಟ್ಟಕ್ಕೇ ಬಂದಿದೆ. ಹಿಂದಿನ ಮೂಲೆಯಲ್ಲಿ ಜಾಲರಿ ಗೋಡೆಗೆ ತಾಗಿಲ್ಲ, ಅಲ್ಲಿಂದ ಕೋಕೋಪೀಟ್ ಕೆಳಗಿಳಿದು ನೀರಿನಲ್ಲೇ ಕೂತಿದೆ. ಹಿಂಡಿದರೆ ಧಾರೆಯಾಗಿ ಸುರಿಯುತ್ತದೆ. ನಾಝಲ್‌ನಿಂದ ನಿಮಿಷಕ್ಕೆ 100 ಮಿ.ಲೀ.

ಪಾಚಿಪ್ರೇಮಿ:

ಹಾಗಾದರೆ ಲೆಕ್ಕ ನೋಡಿ. 2 ನಾಝಲ್, ದಿನಕ್ಕೆ 8 ನಿಮಿಷ: 1.6 ಲೀಟರ್. ನಿಮ್ಮ ಉಂಡೆಗಳ ಪದರ ಒಟ್ಟು 6 ಲೀಟರ್, ಅದರಲ್ಲಿ ಉಂಡೆಗಳ ನಡುವಿನ ಖಾಲಿ ಜಾಗ ಸುಮಾರು ಶೇ. 40, ಅಂದರೆ 2.4 ಲೀಟರ್. ಕೋಕೋಪೀಟ್ ಕುಡಿಯುವಷ್ಟು ಕುಡಿದ ಮೇಲೆ ಎರಡೇ ದಿನಕ್ಕೆ ತಳ ತುಂಬುತ್ತದೆ. ಮೇಲೆ ಗಾಜು ಮುಚ್ಚಿದ್ದರಿಂದ ಆವಿಯಾಗಿ ಹೋಗುವುದೂ ಇಲ್ಲ. ಜೊತೆಗೆ ಆ ಮೂಲೆ ದೀಪದ ಬತ್ತಿಯ ಹಾಗೆ ಕೆಳಗಿನ ನೀರನ್ನು ಇಡೀ ಮಣ್ಣಿಗೆ ಎಳೆಯುತ್ತಿದೆ. ಬ್ರೊಮೀಲಿಯಡ್ ಕೊಳೆತದ್ದೂ ಸ್ಪ್ರಿಂಗ್‌ಟೇಲ್ ಕಾಣೆಯಾದದ್ದೂ ಇದರಿಂದಲೇ.

ಬರೀ ನೀರು ತೆಗೆದರೆ ಸಾಲದು. ಕೋಕೋಪೀಟ್ ಒಂದೇ ಹಾಕಿದರೆ ಕೆಲವು ತಿಂಗಳಲ್ಲಿ ಕುಸಿದು ಮುದ್ದೆಯಾಗುತ್ತದೆ. ಹಿನ್ನೆಲೆಯ ಗೋಡೆ ಹಾಗೇ ಇರಲಿ, ಮಣ್ಣನ್ನು ಮಾತ್ರ ಪೂರ್ತಿ ಹೊರಗೆ ಹಾಕಿ, ಉಂಡೆಗಳನ್ನು ತೊಳೆಯಿರಿ.

ಉಂಡೆಗಳ ಪದರ 5 ಸೆಂ.ಮೀ. ಆಗಲಿ. ಹಿಂದಿನ ಮೂಲೆಯಲ್ಲಿ 2.5 ಸೆಂ.ಮೀ. ವ್ಯಾಸದ ಪಿವಿಸಿ ಕೊಳವೆಯನ್ನು ತಳ ಮುಟ್ಟುವಂತೆ ನಿಲ್ಲಿಸಿ, ಬುಡದಲ್ಲಿ ನಾಲ್ಕು ಕಚ್ಚು ಕೊಯ್ಯಿರಿ. ಅದರೊಳಗೆ ಅಕ್ವೇರಿಯಂ ಗಾಳಿನಳಿಕೆ ಇಳಿಸಿ ಸೈಫನ್ ಮಾಡಿ ನೀರು ತೆಗೆಯಬಹುದು. ಬಾಯಿಯಿಂದ ಎಳೆಯಬೇಡಿ, ಸಿರಿಂಜ್ ಬಳಸಿ. ಕೊಳವೆಗೆ ಮುಚ್ಚಳ ಕಡ್ಡಾಯ, ಕಪ್ಪೆ ಒಳಗೆ ಬಿದ್ದರೆ ಹತ್ತಲಾರದು. ತಳದ ಗಾಜಿಗೆ ತೂತು ಕೊರೆಯುವ ಯೋಚನೆ ಬೇಡ, ಟೆಂಪರ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜಾಗಿದ್ದರೆ ಚೂರುಚೂರಾಗುತ್ತದೆ.

ಹೊಸ ಜಾಲರಿಯನ್ನು ತಳದ ಅಳತೆಗಿಂತ ಎಲ್ಲ ಕಡೆ 4 ಸೆಂ.ಮೀ. ದೊಡ್ಡದಾಗಿ ಕತ್ತರಿಸಿ, ಅಂಚನ್ನು ಗೋಡೆಗೆ ಒತ್ತಿ ಮೇಲಕ್ಕೆ ಮಡಿಸಿ. ಈ ಕೆಲಸದಲ್ಲಿ ಅವಸರ ಮಾಡಬೇಡಿ, ಇಲ್ಲಿ ಬಿಟ್ಟ ಒಂದು ಸಂದಿಯಿಂದ ಎಲ್ಲವೂ ಮತ್ತೆ ಶುರುವಾಗುತ್ತದೆ. ಇನ್ನು ಮುಂದೆ ನೀರು ಜಾಲರಿಗಿಂತ ಕನಿಷ್ಠ 2 ಸೆಂ.ಮೀ. ಕೆಳಗೇ ಇರಬೇಕು.

ಮಣ್ಣಿಗೆ ಎಬಿಜಿ ಮಿಶ್ರಣ, ಅಟ್ಲಾಂಟಾ ಬೊಟಾನಿಕಲ್ ಗಾರ್ಡನ್ ರೂಪಿಸಿದ್ದು. ನಿಮ್ಮ ತೊಟ್ಟಿಗೆ ಸುಮಾರು 10 ಲೀಟರ್ ಬೇಕು: ಟ್ರೀ ಫರ್ನ್ ನಾರು 3, ಆರ್ಕಿಡ್‌ಗೆ ಹಾಕುವ ತೊಗಟೆ ಚೂರು 3, ಪೀಟ್ ಮಾಸ್, ಇದ್ದಿಲ ಚೂರು, ಕತ್ತರಿಸಿದ ಸ್ಫ್ಯಾಗ್ನಮ್ (ನೀರು ಹಿಡಿದಿಡುವ ಪಾಚಿ) ತಲಾ ಒಂದೂವರೆ ಲೀಟರ್. ಮುಂದೆ 3, ಹಿಂದೆ 7 ಸೆಂ.ಮೀ. ಇಳಿಜಾರು ಮಾಡಿ. ಗಾಳಿಪಟ್ಟಿ ಮುಚ್ಚಿಹೋಗಬಾರದು. ಮೇಲೆ 3 ಸೆಂ.ಮೀ. ಒಣ ಎಲೆ: ಮ್ಯಾಗ್ನೋಲಿಯಾ, ಲೈವ್ ಓಕ್ ಅಥವಾ ಬಾದಾಮಿ ಮರದ ಎಲೆ, ಕುದಿಸಿದ್ದು. ಬ್ರೊಮೀಲಿಯಡ್ ಇನ್ನು ಮಣ್ಣಲ್ಲಿ ನೆಡಬೇಡಿ. ಬುಡಕ್ಕೆ ಚೂರು ಸ್ಫ್ಯಾಗ್ನಮ್ ಇಟ್ಟು ಕೊಂಬೆಗೆ ಕಟ್ಟಿ.

ಗಾಜಿನತೋಟ:

ತುಂಬ ಧನ್ಯವಾದ. ಗಾಜಿನ ಮಂಜು ಮತ್ತು ಪಾಚಿ? ತಳಕ್ಕೆ ಹೀಟ್ ಮ್ಯಾಟ್ ಇಟ್ಟರೆ ಮಂಜು ಹೋಗುತ್ತದೆಯೇ?

ಮಳೆಹನಿ:

ಹೀಟ್ ಮ್ಯಾಟ್ ಬೇಡ. ತಳ ಬಿಸಿಯಾದರೆ ನೀರು ಇನ್ನಷ್ಟು ಆವಿಯಾಗಿ ತಣ್ಣಗಿನ ಬಾಗಿಲಿಗೆ ಬಂದು ಕೂರುತ್ತದೆ, ಮಂಜು ಹೆಚ್ಚುತ್ತದೆ. ಈ ಕಪ್ಪೆಗಳಿಗೆ 22ರಿಂದ 27 ಡಿಗ್ರಿ ಸಾಕು, 30 ಮುಟ್ಟಿದರೆ ಜೀವಕ್ಕೆ ಅಪಾಯ.

ಮೇಲಿನ ಗಾಜನ್ನು ಬಾಗಿಲ ಕಡೆ 6 ಸೆಂ.ಮೀ. ಕಡಿಮೆ ಮಾಡಿಸಿ. ಕೆಳಗಿನ ಪಟ್ಟಿಯಿಂದ ಬಂದ ಗಾಳಿ ಬಾಗಿಲನ್ನು ಸವರಿಕೊಂಡು ಮೇಲೆ ಹೋಗುತ್ತದೆ, ಗಾಜು ತಿಳಿಯಾಗುತ್ತದೆ. ಆ ತೆರೆದ ಭಾಗಕ್ಕೆ ಅರ್ಧ ಮಿ.ಮೀ.ಗಿಂತ ಸಣ್ಣ ಕಣ್ಣಿನ ಜಾಲರಿ ಅಂಟಿಸಿ, ಇಲ್ಲದಿದ್ದರೆ ಕಪ್ಪೆಗೆ ಊಟವಾಗಿ ಬಿಡುವ ಹಣ್ಣುನೊಣಗಳು ಅಡುಗೆಮನೆ ಸೇರುತ್ತವೆ. ಸಿಂಪಡಣೆ ದಿನಕ್ಕೆ 2 ಸಲ, 30 ಸೆಕೆಂಡ್. ಸಿಂಪಡಿಸಿದ ಒಂದೆರಡು ಗಂಟೆಯಲ್ಲಿ ಎಲೆಯ ಮೇಲ್ಭಾಗ ಒಣಗಬೇಕು, ನೆಲದ ಎಲೆಗಳ ಅಡಿಯಲ್ಲಿ ಪಸೆ ಉಳಿಯಬೇಕು. ಅದನ್ನು ನೋಡಿ ಸಮಯ ಹೊಂದಿಸಿ, ಮೀಟರ್‌ನ ಅಂಕಿ ನೋಡಿಕೊಂಡಲ್ಲ.

ಪಾಚಿ ಕಂದಾಗಲು ನಲ್ಲಿ ನೀರಿನ ಲವಣವೂ ಕಾರಣ. ಗಾಜಿನ ಮೇಲೆ ಬಿಳಿ ಚುಕ್ಕೆ ಇದ್ದರೆ ಖಚಿತ. ಆರ್‌ಓ ಅಥವಾ ಡಿಸ್ಟಿಲ್ಡ್ ನೀರಿಗೆ ಬದಲಾಯಿಸಿ. ಮನೆಗೆ ವಾಟರ್ ಸಾಫ್ಟನರ್ ಇದ್ದರೆ ಆ ನೀರು ಇನ್ನೂ ಕೆಟ್ಟದ್ದು, ಅದರಲ್ಲಿ ಸೋಡಿಯಂ ಇರುತ್ತದೆ. ನಲ್ಲಿ ನೀರನ್ನು ರಾತ್ರಿಯಿಡೀ ತೆರೆದಿಟ್ಟರೂ ಅದಕ್ಕೆ ಸೋಂಕುನಾಶಕವಾಗಿ ಹಾಕುವ ಕ್ಲೋರಮೈನ್ ಹೋಗುವುದಿಲ್ಲ.

ಮಣ್ಣು ಬದಲಾದ ಮೇಲೆ ಸ್ಪ್ರಿಂಗ್‌ಟೇಲ್ ಮತ್ತು ಕೊಳೆತ ಎಲೆ ತಿನ್ನುವ ಸಣ್ಣ ಬಿಳಿ ಐಸೊಪಾಡ್ ಜೀವಿಗಳನ್ನು ಹೊಸದಾಗಿ ಬಿಡಿ. ಕಪ್ಪೆಗೆ ಮೊದಲು ನಾಲ್ಕರಿಂದ ಆರು ವಾರ ಅವು ಹೆಚ್ಚಲಿ. ಇದ್ದಿಲು-ನೀರಿನ ಡಬ್ಬಿಯಲ್ಲಿ ನಾಲ್ಕು ಅಕ್ಕಿಕಾಳು ಹಾಕಿ ಒಂದು ಪಾಲನ್ನು ಬೇರೆಯೇ ಸಾಕಿಕೊಳ್ಳಿ. ಹೊಸ ಗಿಡ ತಂದರೆ ನರ್ಸರಿ ಮಣ್ಣನ್ನು ಬೇರಿನಿಂದ ಪೂರ್ತಿ ತೊಳೆದು ಕೆಲವು ವಾರ ಬೇರೆ ಇಡಿ, ಕೀಟನಾಶಕವೂ ಚಿಪ್ಪಿಲ್ಲದ ಬಸವನಹುಳುವೂ ಅದರ ಜೊತೆಗೇ ಬರುತ್ತವೆ.

ಹಸಿರೆಲೆ (ಬೆಂಗಳೂರು):

ನಡುವೆ ಒಂದು ಪ್ರಶ್ನೆ. ಇದೇ ರೀತಿ ತೊಟ್ಟಿ ಮಾಡಿ ಸಕಲೇಶಪುರದ ಕಡೆಯ ಪುಟ್ಟ ಪೊದೆಗಪ್ಪೆಗಳನ್ನು ತಂದು ಇಡಬಹುದಾ?

ಮಳೆಹನಿ:

ದಯವಿಟ್ಟು ಬೇಡ. ಪಶ್ಚಿಮಘಟ್ಟದ ಪೊದೆಗಪ್ಪೆಗಳಲ್ಲಿ ಎಷ್ಟೋ ಜಾತಿಗಳು ಒಂದೆರಡು ಬೆಟ್ಟಗಳಿಗಷ್ಟೇ ಸೀಮಿತ, ಅಲ್ಲಿಂದ ಹಿಡಿದು ತರುವುದು ಅವುಗಳಿಗೆ ನೇರ ಪೆಟ್ಟು. ಮಳೆಗಾಲದ ರಾತ್ರಿ ಅಲ್ಲೇ ಹೋಗಿ ಕೂಗು ಕೇಳಿ. ಡಾರ್ಟ್ ಕಪ್ಪೆಗಳು ಸೈಟಿಸ್ (ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿವೆ. ಭಾರತದಲ್ಲಿ ಅಂಥವನ್ನು ಸಾಕುವವರು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಪ್ಪೆಯಿಲ್ಲದೆ ಆರ್ಕಿಡ್, ಪಾಚಿ, ಜರೀಗಿಡಗಳ ತೊಟ್ಟಿ ಮಾಡಿ, ಮೇಲಿನ ಕ್ರಮವೇ ಸಾಕು. ಬಾದಾಮಿ ಎಲೆ ನಿಮ್ಮ ರಸ್ತೆಯಲ್ಲೇ ಸಿಗುತ್ತದೆ.

ಗಾಜಿನತೋಟ:

ಬ್ರೀಡರ್ ಕಾಯಲು ಒಪ್ಪಿದ್ದಾರೆ. ಆರು ವಾರ ಆದಮೇಲೆ ನೇರ ತೊಟ್ಟಿಗೆ ಬಿಡಬಹುದೇ? ತಳದಿಂದ ತೆಗೆದ ನೀರನ್ನು ತೋಟಕ್ಕೆ ಹಾಕಲೇ?

ಪಾಚಿಪ್ರೇಮಿ:

ಎರಡೂ ಬೇಡ. ಮರಿಗಳು ಮೊದಲು ಪ್ಲಾಸ್ಟಿಕ್ ಡಬ್ಬಿಯಲ್ಲಿರಲಿ: ಒದ್ದೆ ಪೇಪರ್ ಟವೆಲ್, ಒಂದಿಷ್ಟು ಎಲೆ, ಅಡಗಲು ಒಂದು ಮರೆ. ಮಲಪರೀಕ್ಷೆಯನ್ನೂ ಕಪ್ಪೆಗಳಿಗೆ ಮಾರಕವಾದ ಕೈಟ್ರಿಡ್ ಶಿಲೀಂಧ್ರಕ್ಕೆ ಚರ್ಮದ ಸ್ವಾಬ್ (ಹತ್ತಿಕಡ್ಡಿ) ಪರೀಕ್ಷೆಯನ್ನೂ ಮಾಡಿಸಿ. ಒಳಗೆ ಬಿಟ್ಟಾದ ಮೇಲೆ ಸೋಂಕು ಗೊತ್ತಾದರೆ ಇಡೀ ತೊಟ್ಟಿ ಬಿಚ್ಚಬೇಕಾಗುತ್ತದೆ. ಡಬ್ಬಿಯಲ್ಲಿದ್ದಾಗ ಯಾವ ಮರಿ ತಿನ್ನುತ್ತಿಲ್ಲ ಎಂಬುದೂ ಕಣ್ಣಿಗೆ ಬೀಳುತ್ತದೆ. ಹಾರಲಾಗದ ಮೆಲನೊಗ್ಯಾಸ್ಟರ್ ಹಣ್ಣುನೊಣಗಳನ್ನು ಕ್ಯಾಲ್ಸಿಯಂ-ಡಿ3 ಪುಡಿಯಲ್ಲಿ ಹೊರಳಿಸಿ ಕೊಡಿ, ವಿಟಮಿನ್ ಎ ಇರುವ ಪುಡಿಯನ್ನೂ ಆಗಾಗ ಬಳಸಿ. ವಿಟಮಿನ್ ಎ ಕೊರತೆ ಬಂದರೆ ಕಪ್ಪೆ ನಾಲಿಗೆ ಚಾಚಿದರೂ ನೊಣ ಅಂಟುವುದಿಲ್ಲ. ಒಮ್ಮೆ ತೆರೆದ ಪುಡಿಯನ್ನು ಆರು ತಿಂಗಳಿಗೆ ಬದಲಾಯಿಸಿ.

ಕಪ್ಪೆ ಇರುವ ತೊಟ್ಟಿಯ ನೀರು ತೋಟಕ್ಕಾಗಲಿ ಮಳೆನೀರಿನ ಚರಂಡಿಗಾಗಲಿ ಹೋಗಬಾರದು. ಸ್ಥಳೀಯ ಕಪ್ಪೆಗಳಿಗೆ ರೋಗ ಹರಡುವ ದಾರಿ ಅದು. ಬಕೆಟ್‌ನಲ್ಲಿ ಬ್ಲೀಚ್ ಹಾಕಿ ಒಂದು ಗಂಟೆ ಬಿಟ್ಟು ಟಾಯ್ಲೆಟ್‌ಗೆ ಸುರಿಯಿರಿ. ಆ ಬಕೆಟನ್ನು ಬೇರೆ ಕೆಲಸಕ್ಕೆ ಬಳಸಬೇಡಿ.