ಕೊಡಗಿನವರೇ ಕೊಡಗಿನಲ್ಲಿ ರಜೆಯ ದಿನ ಎಲ್ಲಿಗೆ ಹೋಗಬೇಕು?

ಪ್ರಶ್ನೆ — ವಿರಾಜಪೇಟೆ ನಿವಾಸಿ

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಪಟ್ಟಣದ ಅಂಚಿನಲ್ಲಿ ನಮ್ಮ ಮನೆ ಇದೆ. ಪ್ರೌಢಶಾಲೆಗೆ ಹೋಗುವ ಮಗಳು, ಐದನೆಯ ತರಗತಿಯ ಮಗ, ಮೊಣಕಾಲು ನೋವಿರುವ ಮಾವನವರು ಹಾಗೂ ಭಾನುವಾರ ಮಾತ್ರ ಬಿಡುವು ಸಿಗುವ ನಾವು ದಂಪತಿ, ಒಟ್ಟು ಐದು ಜನ. ಹೊರಗಿನಿಂದ ಬರುವವರಿಗೆ ಕೊಡಗಿನಲ್ಲಿ ಏನೇನು ನೋಡಬೇಕೆಂದು ತಿಳಿಸುವ ಪಟ್ಟಿಗಳು ಬೇಕಾದಷ್ಟಿವೆ. ಆದರೆ ಆ ಪಟ್ಟಿಯಲ್ಲಿರುವ ರಾಜಾಸೀಟು, ಅಬ್ಬಿ ಜಲಪಾತ, ದುಬಾರೆಗಳಿಗೆ ಭಾನುವಾರ ಹೊರಟರೆ ವಾಹನ ನಿಲ್ಲಿಸುವ ಜಾಗ ಹುಡುಕುವುದರಲ್ಲಿಯೇ ಅರ್ಧ ದಿನ ಕಳೆಯುತ್ತದೆ, ಉಳಿದರ್ಧ ದಿನ ವಾಪಸು ಬರುವ ಸಾಲಿನಲ್ಲಿ ಮುಗಿಯುತ್ತದೆ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟು ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವಂತಹ, ಹೆಚ್ಚು ಖರ್ಚಿಲ್ಲದ, ಮಕ್ಕಳು ಮೊಬೈಲ್ ಮರೆಯುವಂತಹ ತಿರುಗಾಟಗಳಿದ್ದರೆ ದಯವಿಟ್ಟು ತಿಳಿಸಿ. ಮಾವನವರನ್ನು ಕಾರಿನಲ್ಲಿಯೇ ಕೂರಿಸಿ ನಾವು ಮಾತ್ರ ಹೋಗಿ ಬರುವಂತಹ ಜಾಗ ನಮಗೆ ಬೇಡ.

ಉತ್ತರ — ನಾಪೋಕ್ಲು ಕಡೆಯ ಬೆಳೆಗಾರ

ನಮಸ್ಕಾರ. ನೀವು ಜಾಗವನ್ನು ಕೇಳಿದ್ದೀರಿ, ನಾನು ದಿನವನ್ನು ಹೇಳುತ್ತೇನೆ. ಪ್ರವಾಸಿಗರು ತಿಂಗಳ ಮೊದಲೇ ಕೋಣೆ ಕಾಯ್ದಿರಿಸಿ, ಮಳೆ ಬರಲಿ ಬಿಸಿಲಿರಲಿ, ಆ ದಿನವೇ ಬಂದು ಸಿಕ್ಕಿದ್ದನ್ನು ನೋಡಿ ಹೋಗಬೇಕು. ಇಲ್ಲಿಯೇ ಬದುಕುವ ನಮಗೆ ಕಾದು ನೋಡುವ ಅವಕಾಶವಿದೆ. ಬೇಸಿಗೆಯ ಮೊದಲ ಹೂಮಳೆ ಬಿದ್ದು ವಾರ ಹತ್ತು ದಿನ ಕಳೆಯುವಷ್ಟರಲ್ಲಿ ಕಾಫಿ ತೋಟಗಳು ಬೆಳ್ಳಗಾಗುತ್ತವೆ, ಮೂರು ನಾಲ್ಕು ದಿನಗಳಲ್ಲಿ ಆ ಹೂ ಬಾಡಿ ಕಂದುತ್ತದೆ. ಆ ವಾರದ ಭಾನುವಾರ ವಿರಾಜಪೇಟೆಯಿಂದ ಕಡಂಗ, ಚೆಯ್ಯಂಡಾಣೆ ಮಾರ್ಗವಾಗಿ ಕಕ್ಕಬ್ಬೆಯವರೆಗೆ ಕಿಟಕಿ ತೆರೆದುಕೊಂಡು ನಿಧಾನವಾಗಿ ಕಾರು ಓಡಿಸಿದರೆ ಸಾಕು, ಅದಕ್ಕೆ ಟಿಕೆಟ್ಟೂ ಇಲ್ಲ, ಸಾಲೂ ಇಲ್ಲ.

ಕಕ್ಕಬ್ಬೆಯ ಹತ್ತಿರವೇ ನಾಲ್ಕುನಾಡು ಅರಮನೆ ಇದೆ. ದೊಡ್ಡ ವೀರರಾಜೇಂದ್ರ 1792ರಿಂದ 1794ರ ನಡುವೆ ಕಟ್ಟಿಸಿದ ಈ ಎರಡಂತಸ್ತಿನ ಅರಮನೆಯ ಬಳಿಯವರೆಗೂ ವಾಹನ ಹೋಗುತ್ತದೆ. ಅಂಗಳವೂ ಅದರ ಮುಂದಿನ ಪುಟ್ಟ ಮಂಟಪವೂ ನಿಮ್ಮ ಮಾವನವರು ಆರಾಮವಾಗಿ ಕುಳಿತುಕೊಳ್ಳುವಂತಿವೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡಾಗ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ ಆಶ್ರಯ ಪಡೆದದ್ದು ಇಲ್ಲಿಯೇ ಎಂದು ಮಗಳಿಗೆ ಮೊದಲೇ ತಿಳಿಸಿದ್ದರೆ ಅವಳು ಗೋಡೆ, ಕಂಬ, ಕಿಂಡಿಗಳನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. 1,748 ಮೀಟರ್ ಎತ್ತರದ ತಡಿಯಂಡಮೋಳಿಗೆ ದಾರಿ ಹೊರಡುವುದೂ ಇಲ್ಲಿಂದಲೇ. ಆದರೆ ಆ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಜೊತೆಗೆ ಒಂದು ಇಡೀ ದಿನ ಬೇಕು. ಅದನ್ನು ಮಕ್ಕಳೊಡನೆ ಬೇರೊಂದು ದಿನಕ್ಕೆ ಇಟ್ಟುಕೊಳ್ಳಿ. ನೀವು ಕಕ್ಕಬ್ಬೆಗೆ ಬರುವ ದಾರಿಯಲ್ಲಿ ಚೇಲಾವರ ಜಲಪಾತವೂ ಸಿಗುತ್ತದೆ. ದೂರದಿಂದ ನೋಡಿ ಬನ್ನಿ, ಕೆಳಗಿನ ಗುಂಡಿಗೆ ಮಕ್ಕಳನ್ನು ಇಳಿಸಲೇಬೇಡಿ. ಅಲ್ಲಿಯ ಬಂಡೆ ಜಾರುತ್ತದೆ, ನೀರೂ ಆಳ.

ಮಳೆಗಾಲದಲ್ಲಿ ಮನೆಯೊಳಗೆ ಕುಳಿತುಕೊಳ್ಳಬೇಕೆಂಬ ನಿಯಮವೇನೂ ಇಲ್ಲ. ಚಿಕ್ಲಿಹೊಳೆ ಜಲಾಶಯ ತುಂಬಿದ ಸುದ್ದಿ ಬಂದ ಮೇಲೆ ಹೋದರೆ ಅರ್ಧ ಚಂದ್ರಾಕಾರದ ಕಟ್ಟೆಯ ಮೇಲಿನಿಂದ ನೀರು ಒಳಕ್ಕೆ ಇಳಿಯುವುದನ್ನು ಕೊಡೆ ಹಿಡಿದು ನಿಂತೇ ನೋಡಬಹುದು. ನಾಟಿಯ ಕಾಲದಲ್ಲಿ ಪರಿಚಯದವರ ಗದ್ದೆ ಇದ್ದರೆ ಮಕ್ಕಳನ್ನು ಏಡಿ ಹಿಡಿಯಲು ಬಿಡಿ; ನಾಟಿ ಮುಗಿದ ಮೇಲೆ ಗದ್ದೆಯಲ್ಲಿ ಓಡುವ ಹಳೆಯ ಪದ್ಧತಿ ಈಗ ಊರೂರಿನ ಕೆಸರುಗದ್ದೆ ಕ್ರೀಡಾಕೂಟವಾಗಿದೆ, ಅದಕ್ಕೂ ಕರೆದುಕೊಂಡು ಹೋಗಿ. ಜಿಗಣೆಗೆ ಉಪ್ಪು ಮತ್ತು ಸುಣ್ಣ ಜೇಬಿನಲ್ಲಿರಲಿ.

ಉತ್ತರ — ತಿತಿಮತಿ ವಾಸಿ

ಮೇಲಿನವರು ಹೇಳಿದ್ದಕ್ಕೆ ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸುತ್ತೇನೆ. ದಕ್ಷಿಣ ಕೊಡಗಿನ ತೋಟದ ರಸ್ತೆಗಳಲ್ಲಿ, ಅದರಲ್ಲಿಯೂ ತಿತಿಮತಿ, ಬಾಳೆಲೆ, ಪಾಲಿಬೆಟ್ಟ, ಸಿದ್ದಾಪುರದ ಕಡೆ, ಬೆಳಕು ಹರಿಯುವ ಮೊದಲು ಮತ್ತು ಕತ್ತಲಾದ ಮೇಲೆ ಕಾಲ್ನಡಿಗೆ ಬೇಡ. ಹಗಲಿನಲ್ಲಿ ತೋಟದೊಳಗೆ ನಿಂತಿರುವ ಆನೆಗಳು ಆ ಹೊತ್ತಿನಲ್ಲಿಯೇ ರಸ್ತೆ ದಾಟುತ್ತವೆ. ಹಲಸು ಹಣ್ಣಾಗುವ ಕಾಲದಲ್ಲಂತೂ ಇನ್ನೂ ಜಾಗ್ರತೆ ಬೇಕು. ಹೊರಡುವ ಮುನ್ನ ಲೈನ್‌ಮನೆಗಳಲ್ಲಿರುವ ತೋಟದ ಕಾರ್ಮಿಕರನ್ನೋ ದಾರಿಯ ಅಂಗಡಿಯವರನ್ನೋ ಕೇಳಿದರೆ ಹಿಂದಿನ ರಾತ್ರಿ ಆನೆ ಎಲ್ಲಿತ್ತೆಂದು ಹೇಳುತ್ತಾರೆ. ಯಾವ ಮೊಬೈಲ್ ಆ್ಯಪಿಗಿಂತಲೂ ಅವರ ಮಾತು ನಂಬಲರ್ಹ. ಬಿಸಿಲೇರಿದ ಮೇಲೆ ಕುಂದ ಬೆಟ್ಟಕ್ಕೋ ನಿಮ್ಮೂರಿನ ಮಲೆತಿರಿಕೆ ಬೆಟ್ಟಕ್ಕೋ ಹೋಗಿ ಬರಲು ಅಡ್ಡಿಯಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಾಲ್ಕುನಾಡು ಅರಮನೆಯ ಮಾತು ಕೇಳಿ ಮಾವನವರೇ ಉತ್ಸಾಹ ತೋರಿದ್ದಾರೆ. ಮಗನಿಗೆ ಗಾಳ ಹಾಕುವ ಆಸೆ, ಮಗಳಿಗೆ ಹಕ್ಕಿಗಳ ಮೇಲೆ ಆಸಕ್ತಿ. ಇವೆರಡಕ್ಕೂ ಏನಾದರೂ ದಾರಿಯಿದೆಯೇ?

ಉತ್ತರ — ಕುಶಾಲನಗರದ ಶಿಕ್ಷಕ

ಅಕ್ಕ, ಮಗಳ ವಿಷಯ ಸುಲಭ. ಮೆರ್ಲಿನ್ ಎಂಬ ಉಚಿತ ಆ್ಯಪ್ ಹಕ್ಕಿಯ ಕೂಗು ಕೇಳಿಸಿಕೊಂಡು ಹೆಸರು ಸೂಚಿಸುತ್ತದೆ. ಮನೆಯಲ್ಲಿರುವಾಗಲೇ ಬೇಕಾದುದನ್ನು ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ನಮ್ಮ ಕಣಿವೆಗಳಲ್ಲಿಯೂ ಕೆಲಸ ಮಾಡುತ್ತದೆ. ಆದರೆ ಅದು ಹೇಳಿದ್ದನ್ನೆಲ್ಲ ಹಾಗೆಯೇ ಒಪ್ಪದೆ ಕಣ್ಣಿನಿಂದಲೂ ನೋಡಿ ಖಚಿತಪಡಿಸಿಕೊಳ್ಳುವ ಅಭ್ಯಾಸ ಮಾಡಿಸಿ, ಏಕೆಂದರೆ ಭೀಮರಾಜ ಹಕ್ಕಿ ಇತರ ಹಕ್ಕಿಗಳ ದನಿಯನ್ನು ಅನುಕರಿಸಿ ಆ್ಯಪನ್ನಷ್ಟೇ ಅಲ್ಲ, ದೊಡ್ಡವರನ್ನೂ ಮೋಸಗೊಳಿಸುತ್ತದೆ. ನೆರಳಿನ ಮರಗಳಿರುವ ಕಾಫಿ ತೋಟದಲ್ಲಿ ಮಂಗಟ್ಟೆ, ಕುಟ್ರುಹಕ್ಕಿಗಳಿಗೆ ಬರವಿಲ್ಲ. ಫೆಬ್ರವರಿಯಲ್ಲಿ ನಾಲ್ಕು ದಿನ ಪ್ರಪಂಚದಾದ್ಯಂತ ನಡೆಯುವ ಹಿತ್ತಲ ಹಕ್ಕಿಗಳ ಎಣಿಕೆಯಲ್ಲಿ ಅವಳೂ ಪಾಲ್ಗೊಳ್ಳಬಹುದು. ಕನಿಷ್ಠ 15 ನಿಮಿಷ ಒಂದೆಡೆ ನಿಂತು ಕಂಡ ಹಕ್ಕಿಗಳನ್ನು ಬರೆದು ಕಳುಹಿಸಿದರಾಯಿತು, ಅದಕ್ಕೆ ಮನೆಯ ಅಂಗಳವೇ ಸಾಕು.

ಗಾಳದ ವಿಷಯದಲ್ಲಿ ಸ್ವಲ್ಪ ಬಿಗಿಯಾಗಿರಬೇಕು. ಕಾವೇರಿಯ ಮಹಶೀರ್ ಇಂದು ತೀವ್ರ ಅಪಾಯದ ಅಂಚಿನಲ್ಲಿರುವ ಮೀನು. ವಾಲ್ನೂರಿನ ಸುತ್ತಮುತ್ತ ಅದರ ಸಂರಕ್ಷಣೆ ನಡೆಯುತ್ತಿದೆ, ಅಲ್ಲಿ ಅನುಮತಿಯಿಲ್ಲದೆ ಗಾಳ ಹಾಕುವಂತಿಲ್ಲ. ಪರಿಚಯದವರ ತೋಟದ ಕೆರೆಯಲ್ಲಿ, ಅವರನ್ನು ಕೇಳಿಕೊಂಡು, ಎರೆಹುಳ ಸಿಕ್ಕಿಸಿ ಕುಳಿತುಕೊಳ್ಳುವುದೇ ಹುಡುಗರಿಗೆ ಸರಿಯಾದ ಆರಂಭ. ಕೆರೆ ಚಿಕ್ಕದಾದರೂ ಆಳವಿರುತ್ತದೆ, ದೊಡ್ಡವರೊಬ್ಬರು ಪಕ್ಕದಲ್ಲಿರಲಿ.

ಮಾವನವರಿಗೆ ಇನ್ನೊಂದು ಸಲಹೆ: ಬೇಸಿಗೆಯಲ್ಲಿ ಕೊಡವ ಕುಟುಂಬಗಳ ನಡುವೆ ನಡೆಯುವ ಕೌಟುಂಬಿಕ ಹಾಕಿ. 1997ರಲ್ಲಿ ಕರಡದಲ್ಲಿ 60 ತಂಡಗಳೊಡನೆ ಆರಂಭವಾದ ಆ ಉತ್ಸವಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಬಂದಿದ್ದವು. ಪ್ರತಿ ವರ್ಷ ಒಂದೊಂದು ಕುಟುಂಬ ಆತಿಥ್ಯ ವಹಿಸುವುದರಿಂದ ಮೈದಾನ ಬದಲಾಗುತ್ತದೆ. ಆದರೆ ಆರಂಭದ ಸುತ್ತಿನ ಪಂದ್ಯಗಳಿಗೆ ಹೋದರೆ ಗ್ಯಾಲರಿಯಲ್ಲಿ ಜಾಗ ಧಾರಾಳವಾಗಿರುತ್ತದೆ, ಅಜ್ಜ ಮೊಮ್ಮಕ್ಕಳು ಒಂದೇ ತಂಡದಲ್ಲಿ ಆಡುವುದನ್ನೂ ನೋಡಬಹುದು. ಫೈನಲ್ ದಿನ ಮಾತ್ರ ಬೇಡ, ಅಂದು ನೀವು ತಪ್ಪಿಸಿಕೊಳ್ಳಬೇಕೆಂದಿರುವ ನೂಕುನುಗ್ಗಲೇ ಅಲ್ಲಿರುತ್ತದೆ.

ಉತ್ತರ — ನಾಪೋಕ್ಲು ಕಡೆಯ ಬೆಳೆಗಾರ

ಬರುವ ಭಾನುವಾರವೇ ಅರಮನೆಗೆ ಹೊರಡುವುದಾದರೆ ಬುತ್ತಿ ಕಟ್ಟಿಕೊಂಡು ಬನ್ನಿ, ಅರಮನೆಯ ಹತ್ತಿರ ಊಟದ ಭರವಸೆ ಇಟ್ಟುಕೊಳ್ಳಬೇಡಿ. ದಾರಿ ಕಿರಿದಾಗಿದ್ದು ತಿರುವುಗಳು ಹೆಚ್ಚಿರುವುದರಿಂದ ಜೀಪುಗಳು ಎದುರಾಗುವ ಮೊದಲೇ, ಒಂಬತ್ತು ಗಂಟೆಯೊಳಗೆ, ಕಕ್ಕಬ್ಬೆ ದಾಟಿದರೆ ಒಳ್ಳೆಯದು.